ಎಕ್ಸ್‌ಪೋರ್ಟ್ ಸಂಡಿಗೆ ಮತ್ತು ಒಂದು ಹಿಡಿ ಕೊಸರು

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅದೇ ಗಿಡವನ್ನು ಬೇರು ಸಮೇತ ಕಿತ್ತು, ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಅಚ್ಚು ಹಾಕಿಸಿ ತಂದುಕೊಟ್ಟರೆ ನಂಜನಗೂಡಿನವರು ಕಣ್ಣಿಗೊತ್ತಿಕೊಂಡು ನುಂಗುತ್ತಾರೆ. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ನಮ್ಮ ದೊಡ್ಡವ್ವನ ಸಂಡಿಗೆಯ ವಿಚಾರದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ನಂಜನಗೂಡಿನಲ್ಲಿ ಮೈದುನನ ಮನೆಯ ಮಹಡಿಯ ಮೇಲೆ ಒಂದು ಕೋಣೆ ಅವಳಿಗೆ ಬಿಟ್ಟುಕೊಟ್ಟಿದ್ದರು. ಕೋಣೆಯ ಮುಂದೆ ಅಗಲವಾದ ತಾರಸಿ. ಆ ತಾರಸಿಯೇ ಅವಳ ಹೊಲ, ಅವಳ ಗದ್ದೆ. ಸಂಕ್ರಾಂತಿ ಕಳೆದು ಬಿಸಿಲು ಬಲಿಯುತ್ತಿದ್ದ ಹಾಗೆ ಅರಳನ್ನು ನೆನೆಸಿ, ಹಿಂಡಿ, ಬೂದುಗುಂಬಳದ ತುರಿ, ಹಸಿಮೆಣಸಿನಕಾಯಿ, ಉಪ್ಪು, ಕೈ ತುಂಬಾ ಇಂಗು ಸೇರಿಸಿ ಹಳೆ ಸೀರೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ನಂಜನಗೂಡಿನ ಅರ್ಧ ಮದುವೆಗಳ ಎಲೆಗೆ ಬೀಳುತ್ತಿದ್ದ ಅರಳು ಸಂಡಿಗೆ ಅವಳದೇ. ಯಾರ ಬಾಗಿಲಲ್ಲೂ ಕೈಚಾಚದೆ ಅವಳು ತಲೆಯೆತ್ತಿ ಬದುಕಿದ್ದು ಆ ಸಂಡಿಗೆಯಿಂದ. ಮೈದುನನ ಹೆಂಡತಿ ಮಾತಿಗೊಂದು ಕೊಂಕು ಹುಡುಕುವವಳಾಗಿದ್ದರೂ ದೊಡ್ಡವ್ವನ ಮುಂದೆ ಸ್ವರ ಏರಿಸುತ್ತಿರಲಿಲ್ಲ.

ದೊಡ್ಡವ್ವನ ವ್ಯಾಪಾರದಲ್ಲಿ ಒಂದು ಕಟ್ಟುನಿಟ್ಟಿತ್ತು. ಸಂಡಿಗೆಯನ್ನು ನೂರರ ಲೆಕ್ಕದಲ್ಲಿ ಎಣಿಸಿ ಕೊಟ್ಟ ಮೇಲೆ ಒಂದು ಹಿಡಿ ಕೊಸರು ಹಾಕಲೇಬೇಕು. ಕೊಸರು ಅಂದರೆ ಲೆಕ್ಕಕ್ಕೆ ಸಿಗದ ಹಿಡಿ, ಬೆಲೆ ಇಲ್ಲದ್ದು. ಕೆಲವೊಮ್ಮೆ ಸಂಡಿಗೆಯನ್ನೇ ಹಾಕುತ್ತಿದ್ದಳು, ಕೆಲವೊಮ್ಮೆ ಕಾಗದದಲ್ಲಿ ಸುತ್ತಿದ ಮಜ್ಜಿಗೆ ಮೆಣಸಿನಕಾಯಿ. ಕೇಳಿದವರಿಗೂ ಕೊಡುತ್ತಿದ್ದಳು, ಕೇಳದವರಿಗೂ ಕೊಡುತ್ತಿದ್ದಳು.

"ಅಳತೆಗೆ ಸರ್ಯಾಗಿ ಕೊಡಾದು ಸೊಸೈಟಿ ಅಕ್ಕಿ ಕಣವ್ವ," ಅನ್ನುತ್ತಿದ್ದಳು. "ಮನೆಯಿಂದ ಕೊಟ್ಟಿದ್ರ ಮ್ಯಾಲೆ ಒಂದಿಡಿ ಬೀಳ್ಬೇಕು."

ಈ ಕೊಸರಿನ ಮೇಲೆ ಎಲ್ಲರಿಗಿಂತ ಹೆಚ್ಚು ಕಣ್ಣಿಟ್ಟಿದ್ದವಳು ಪೇಟೆ ಬೀದಿಯ ಬಟ್ಟೆ ಅಂಗಡಿಯ ಯಜಮಾನಿ. ಮನೆ ತುಂಬ ಮಕ್ಕಳು, ಮೈ ತುಂಬ ಒಡವೆ. ದೊಡ್ಡವ್ವ ಹಾಕಿದ ಹಿಡಿ ಸಾಲದೆಂದು ಸೆರಗು ಒಡ್ಡಿ, "ಇನ್ನೊಂದಿಷ್ಟು ಹಾಕಕ್ಕಾ, ನಿಮ್ಮ ಕೈ ಚಿಕ್ಕದಾಯ್ತು" ಎಂದು ತಾನೇ ಡಬ್ಬಕ್ಕೆ ಕೈಹಾಕುತ್ತಿದ್ದಳು. ಒಂದೊಂದು ಸಲ ಅವಳ ಕೊಸರು ಕೊಂಡದ್ದಕ್ಕಿಂತ ಹೆಚ್ಚಿರುತ್ತಿತ್ತೇನೋ. ನಾನು ಹಲ್ಲು ಕಡಿಯುತ್ತಿದ್ದೆ, ದೊಡ್ಡವ್ವ ನಗುತ್ತಿದ್ದಳು.

ನಾನು ಆಗ ತಿ. ನರಸೀಪುರದ ಹೈಸ್ಕೂಲಿನಲ್ಲಿ ಟೀಚರು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ದಿನ ಅಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ರಫ್ತಿನ ತರಬೇತಿ ಶಿಬಿರ ಅಂತ ಮಾಡಿದರು. ಅಭಿವೃದ್ಧಿಶೀಲ ದೇಶಗಳಿಂದ ವಿದೇಶದ ಗಿರಾಕಿಗಳಿಗೆ ಯಾವ ಕರಕುಶಲ ವಸ್ತು, ಯಾವ ತಿಂಡಿ ತಿನಿಸು ಮಾರಬಹುದು ಅನ್ನುವುದೇ ವಿಷಯ. ಕುರ್ಚಿ ಖಾಲಿ ಕಾಣಬಾರದೆಂದು ನಮ್ಮಂಥ ಮೇಷ್ಟರು ಟೀಚರುಗಳನ್ನೂ ಕರೆಸಿ ಕೂರಿಸಿದ್ದರು. ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಬಂದಿದ್ದ ಒಬ್ಬಾತ ಪರದೆಯ ಮೇಲೆ ಚಿತ್ರ ತೋರಿಸಿದ. ಯಾವುದೋ ದೇಶದ ಹೆಂಗಸು ಬುಟ್ಟಿ ಹೆಣೆಯುತ್ತಾ ಹಲ್ಲು ಬಿಟ್ಟು ನಗುತ್ತಿದ್ದಳು. ಬುಟ್ಟಿ ಹೆಣೆಯುವಾಗ ನಗುವವರನ್ನು ನಾನು ಈವರೆಗೆ ಕಂಡಿಲ್ಲ. ನಮ್ಮ ಸಂತೆ ಬೀದಿಯ ಹೆಂಗಸರು ಬಿದಿರನ್ನೂ ಗಂಡಂದಿರನ್ನೂ ಒಟ್ಟಿಗೆ ಬೈಯುತ್ತಾ ಹೆಣೆಯುತ್ತಾರೆ. ಆತ ಮಾತ್ರ, "ವಿದೇಶದವರು ವಸ್ತು ಕೊಳ್ಳೋದಿಲ್ಲ, ಅದರ ಹಿಂದಿನ ನಗು ಕೊಳ್ತಾರೆ" ಅಂದ. ಸಭೆ ಚಪ್ಪಾಳೆ ತಟ್ಟಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು.

ಮಧ್ಯಾಹ್ನ ಅವರು ಕೊಟ್ಟ ಚಿತ್ರಾನ್ನ ಹಳಸಿತ್ತು. ನಾನು ನನ್ನ ಡಬ್ಬಿ ತೆಗೆದೆ. ಅದರಲ್ಲಿ ದೊಡ್ಡವ್ವನ ಸಂಡಿಗೆ ಇತ್ತು. ಪಕ್ಕದ ಕುರ್ಚಿಯವನು ಕೇಳದೆಯೇ ಒಂದು ತೆಗೆದು ಬಾಯಿಗೆ ಹಾಕಿಕೊಂಡ. ಅವನನ್ನು ನಾನು ಇನ್ನು ಮುಂದೆ ಎಕ್ಸ್‌ಪೋರ್ಟರು ಅನ್ನುತ್ತೇನೆ, ಅವನೂ ಹಾಗೇ ಕರೆಸಿಕೊಳ್ಳುತ್ತಿದ್ದ. ಮೂಲದಲ್ಲಿ ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದವನು. ಇದಕ್ಕೆ ಮುಂಚೆ ಒಮ್ಮೆ ದೇವನೂರು ಕಡೆಯ ತೋಟಗಳಲ್ಲಿ ರೋಗಕ್ಕೆ ಸಿಕ್ಕದೆ ಉಳಿದಿದ್ದ ನಾಲ್ಕು ಗೊನೆ ರಸಬಾಳೆ ಕೂಡಿಹಾಕಿ ಪರದೇಶಕ್ಕೆ ಕಳಿಸುತ್ತೇನೆಂದು ಹೊರಟಿದ್ದನಂತೆ. ರಸಬಾಳೆ ಯಾರ ಮಾತನ್ನೂ ಕೇಳುವ ಹಣ್ಣಲ್ಲ. ಬಂದರು ಮುಟ್ಟುವ ಮೊದಲೇ ಲಾರಿಯಲ್ಲೇ ಕಳಿತು, ಒಡೆದು, ಪಾಯಸವಾಗಿತ್ತು. ಅಷ್ಟಾದ ಮೇಲೂ ಅವನ ಹುಮ್ಮಸ್ಸು ಇಳಿದಿರಲಿಲ್ಲ.

ಸಂಡಿಗೆಯ ಜಾಡು ಹಿಡಿದು ಅವನು ಮುಂದಿನ ವಾರವೇ ದೊಡ್ಡವ್ವನ ತಾರಸಿಗೆ ಬಂದ. ಆ ಬೇಸಿಗೆಯ ಮಾಲೆಲ್ಲ ತನಗೇ ಬೇಕು ಅಂದ. ಬೇರೆ ಯಾರಿಗೂ ಒಂದು ಸಂಡಿಗೆ ಕೊಡಕೂಡದು, ಮದುವೆ ಮನೆಯವರಿಗೂ ಇಲ್ಲ. ನಾನು ಬೇಡ ಅಂದೆ. "ದೊಡ್ಡವ್ವ, ಊರಿನ ಗಿರಾಕಿ ಬಿಟ್ರೆ ಮತ್ತೆ ಸಿಗಲ್ಲ. ಇವನನ್ನ ನಂಬಿ ಕೆಡಬೇಡ" ಅಂದೆ. ಅವಳು ನನ್ನ ಮುಖ ನೋಡಲಿಲ್ಲ. ತಾರಸಿಯ ಅಂಚಿನಾಚೆ ಎಲ್ಲೋ ನೋಡಿದಳು.

"ನಾನು ತಲಕಾಡು ದಾಟಿ ಆಚೆಗೆ ವೋದೋಳಲ್ಲ ಕಣವ್ವ. ನನ್ ಕೈಲಿ ಮಾಡಿದ್ದಾದ್ರೂ ಸಮುದ್ರ ದಾಟ್ಲಿ."

ಅಷ್ಟು ಹೇಳಿದ ಮೇಲೆ ನಾನೂ ಒಪ್ಪಿದೆ. ಅವಳಿಗೂ ಒಂದು ಆಸೆ ಇರಬಾರದೇ?

ಬಟ್ಟೆ ಅಂಗಡಿಯ ಯಜಮಾನಿ ಮೊದಲ ಮಗಳ ಮದುವೆಗೆಂದು ಬಂದವಳು ಬರಿಗೈಲಿ ಮೆಟ್ಟಿಲಿಳಿದಳು. "ಅಕ್ಕಂಗೆ ಈಗ ಫಾರಿನ್ನೋರು ಬೇಕಾದ್ರು" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೋದಳು.

ಆಮೇಲೆ ಎಕ್ಸ್‌ಪೋರ್ಟರ ವಿದೇಶದ ಗಿರಾಕಿ ಬಂದಳು. ಯಾವ ದೇಶದವಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಕ್ಸ್‌ಪೋರ್ಟರು ಒಂದು ಸಲ ಒಂದು ದೇಶದ ಹೆಸರು ಹೇಳುತ್ತಿದ್ದ, ಇನ್ನೊಂದು ಸಲ ಇನ್ನೊಂದು. ನಡುವಯಸ್ಸಿನ ಹೆಂಗಸು, ಖಾದಿ ಕುರ್ತಾ ಹಾಕಿದ್ದಳು. ತಾರಸಿಗೆ ಬಂದವಳೇ ಒಣಗಲು ಹಾಕಿದ್ದ ಸಂಡಿಗೆಯೊಂದನ್ನು ಎತ್ತಿ ಕರಿಯದೆಯೇ ಕಟಮ್ಮನೆ ಕಡಿದಳು. ಕಣ್ಣು ಮುಚ್ಚಿಕೊಂಡು ತಲೆದೂಗಿದಳು. ಅದ್ಭುತ ಅಂದಳು. ಬಾಣಲೆಯಲ್ಲಿ ಎಣ್ಣೆ ಕಾಯಿಸುತ್ತಾ ಕೂತಿದ್ದ ದೊಡ್ಡವ್ವ ಕಿಸಕ್ಕನೆ ನಕ್ಕು, "ಮಕ್ಳು ತಿಂದಂಗೆ ತಿಂದ್ಬುಟ್ಳಲ್ಲೇ" ಅಂದಳು. ದೊಡ್ಡವ್ವನಿಗೆ ಅವಳ ಮೇಲೆ ಅಕ್ಕರೆ ಹುಟ್ಟಿದ್ದು ಆಗಲೇ. ನನಗೆ ಹುಟ್ಟಲಿಲ್ಲ.

ಆ ಹೆಂಗಸಿನ ಮಾತನ್ನು ದೊಡ್ಡವ್ವನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸಂಡಿಗೆ ಕೈಯಲ್ಲೇ ಮಾಡಿದ್ದು ಅಂತ ಕಾಣಬೇಕು. ಆದರೆ ಎಲ್ಲವೂ ಒಂದೇ ಥರ ಇರಬೇಕು. ಅಂಚು ಸೊಟ್ಟಗಿರಬೇಕು, ಎಲ್ಲದರದ್ದೂ ಒಂದೇ ಸೊಟ್ಟ. ಇಂಗು ಬೇಡ. ಖಾರ ಅರ್ಧ ಮಾಡಬೇಕು. ಮುಟ್ಟುವಾಗ ಕೈಗವಸು, ತಲೆಗೆ ಟೋಪಿ. ಕೈಯಲ್ಲಿ ಮಾಡಿದ್ದನ್ನು ಕೈ ಮುಟ್ಟದೆ ಮಾಡಬೇಕು ಅಂದ ಹಾಗಾಯಿತು. ಇಂಗಿಲ್ಲದ, ಖಾರವಿಲ್ಲದ ಸಂಡಿಗೆಯನ್ನು ನಮ್ಮಲ್ಲಿ ಬಾಣಂತಿಗೂ ಕೊಡುವುದಿಲ್ಲ. ಇದೆಲ್ಲ ಹುಚ್ಚಾಟ ಅಂತ ಕನ್ನಡದಲ್ಲೇ ಸೇರಿಸಿ ಹೇಳಿದೆ. ದೊಡ್ಡವ್ವ, "ಅವರ ನಾಲ್ಗೆ ಅವರ್ದು ಬುಡವ್ವ" ಎಂದು ಒಪ್ಪಿಕೊಂಡಳು.

ಪೊಟ್ಟಣದ ಮೇಲಿನ ಬರಹದ ಕಥೆ ಇನ್ನೊಂದು. ಕಾವೇರಿ ತೀರದ ಅಜ್ಜಿಯರು, ಪುರಾತನ ತಲಕಾಡಿನ ಮರಳ ಮೇಲೆ ಒಣಗಿಸಿದ್ದು ಎಂದೆಲ್ಲ ಎಕ್ಸ್‌ಪೋರ್ಟರು ಇಂಗ್ಲಿಷಿನಲ್ಲಿ ಬರೆಸಿದ್ದ. ನನಗೆ ಮೈಯೆಲ್ಲ ಉರಿಯಿತು.

"ಏನ್ರೀ ಇದು? ನಂಜನಗೂಡಿರೋದು ಕಪಿಲೆ ದಡದಲ್ಲಿ. ಮರಳಲ್ಲಿ ಒಣಗಿಸಿದ ಸಂಡಿಗೆ ತಿಂದ್ರೆ ಹಲ್ಲು ಉಳಿಯುತ್ತಾ?"

"ಮೇಡಂ, ಕಪಿಲೆ ಅಂದ್ರೆ ಯಾರಿಗೆ ಗೊತ್ತು? ಕಾವೇರಿಗೆ ರೇಟಿದೆ. ಎಂಗಿದ್ರೂ ನಮ್ ನರಸೀಪುರದಲ್ಲಿ ಎರಡೂ ಸೇರ್ತವಲ್ಲ, ಸುಳ್ಳೆಂಗಾಯ್ತದೆ?" ಅಂದ. ಹಲ್ಲಿನ ವಿಚಾರಕ್ಕೆ ಉತ್ತರ ಕೊಡಲಿಲ್ಲ.

ಚಿತ್ರಕ್ಕೆ ದೊಡ್ಡವ್ವನನ್ನು ನಿಲ್ಲಿಸಿದರು. ಹಣೆಯ ವಿಭೂತಿ ಒರೆಸಿ ಕುಂಕುಮ ಇಟ್ಟುಕೊಳ್ಳಬೇಕು, ತಲೆ ತುಂಬಾ ಹೂ ಮುಡಿಯಬೇಕು ಅಂದ. "ಊ ಮುಡಿಯಾ ಕಾಲ ನೀನ್ ಉಟ್ಟಾಕ್ ಮುಂಚೆನೇ ಮುಗೀತು ಕಣಪ್ಪ" ಎಂದು ದೊಡ್ಡವ್ವ ಒಳಗೆ ಹೋದಳು. ಕೊನೆಗೆ ಪೊಟ್ಟಣದ ಮೇಲೆ ಬಂದದ್ದು ಎಕ್ಸ್‌ಪೋರ್ಟರ ಹೆಂಡತಿಯ ತಂಗಿ. ಮೈಸೂರಿನ ಹುಡುಗಿ, ಸಂಡಿಗೆಯನ್ನು ಎಲೆಯ ಮೇಲೆ ಬಿಟ್ಟು ಬೇರೆಲ್ಲೂ ನೋಡಿದವಳಲ್ಲ. ಮೊರ ಹಿಡಿದು ನಗುತ್ತಾ ನಿಂತಿದ್ದಳು, ಅದೂ ತಲೆಕೆಳಗಾಗಿ ಹಿಡಿದ ಮೊರ.

ಆ ಬೇಸಿಗೆಯೆಲ್ಲ ದೊಡ್ಡವ್ವ, ಜೊತೆಗೆ ಅಕ್ಕಪಕ್ಕದ ನಾಲ್ಕು ಹೆಂಗಸರು ದುಡಿದರು. ಒಂದೇ ಅಳತೆ ಬರಲೆಂದು ಸ್ಟೀಲಿನ ಬಳೆ ಕೊಟ್ಟಿದ್ದರು. ಅದರೊಳಗೆ ಹಿಟ್ಟು ತುಂಬಿ, ಬಳೆ ಎತ್ತಿ, ಆಮೇಲೆ ಅಂಚನ್ನು ಬೆರಳಲ್ಲಿ ಸೊಟ್ಟ ಮಾಡಬೇಕು. ಒಣಗಿದ ಮಾಲು ಟೆಂಪೋದಲ್ಲಿ ನರಸೀಪುರಕ್ಕೆ ಹೋಗುತ್ತಿತ್ತು. ಅಲ್ಲಿ ಹಿಂದೆ ರೇಷ್ಮೆಗೂಡು ಇಡುತ್ತಿದ್ದ ಒಂದು ಶೆಡ್ಡಿನಲ್ಲಿ ಪ್ಯಾಕಿಂಗು, ಅದಕ್ಕೂ ದೊಡ್ಡವ್ವನೇ ಬರುತ್ತಿದ್ದಳು. ಕೆಂಪು ಅಂಕಿ ಬರುವ ಕರೆಂಟಿನ ತಕ್ಕಡಿ ತರಿಸಿದ್ದರು. ತೂಗಿ, ಕವರಿಗೆ ಹಾಕಿ, ಬಾಯಿ ಸುಟ್ಟು ಮುಚ್ಚಿ, ಡಬ್ಬದಲ್ಲಿಡಬೇಕು. ತಕ್ಕಡಿ ಒಂದು ಸಂಡಿಗೆ ಹೆಚ್ಚು ಅಂದರೆ ಅದನ್ನು ವಾಪಸು ತೆಗೆಯಬೇಕು. ಹಾಗೆ ತೆಗೆಯುವಾಗಲೆಲ್ಲ ದೊಡ್ಡವ್ವ ಮುಖ ಹಿಂಡುತ್ತಿದ್ದಳು. "ಆಕಿದ್ನ ತೆಗ್ಯಾದಾ?" ಎಂದು ಗೊಣಗುತ್ತಿದ್ದಳು. ನಾನು ಸ್ಕೂಲು ಬಿಟ್ಟ ಮೇಲೆ ಅವಳನ್ನು ಬಸ್ಸು ಹತ್ತಿಸಲು ಅಲ್ಲಿಗೆ ಹೋಗುತ್ತಿದ್ದೆ, ಹಾಗಾಗಿ ಕೇಳಿದ್ದೇನೆ.

ಮೊದಲ ಲೋಡು ಹೊರಡುವ ದಿನ ಪೂಜೆ ಮಾಡಿ ಮಂಗಳಾರತಿ ಎತ್ತಿದರು. ಎಕ್ಸ್‌ಪೋರ್ಟರು ಲಾರಿಯವನ ಜೊತೆ ಮಾತಾಡುತ್ತಾ ಹೊರಗಿದ್ದ. ಡಬ್ಬಗಳಿಗೆ ಇನ್ನೂ ಟೇಪು ಹಚ್ಚಿರಲಿಲ್ಲ. ದೊಡ್ಡವ್ವ ಮನೆಯಿಂದ ತಂದಿದ್ದ ಚೀಲ ಬಿಚ್ಚಿದಳು. ಅದರ ತುಂಬ ಹಳೆಯ ಪೇಪರಿನಲ್ಲಿ ಸುತ್ತಿದ ಸಣ್ಣ ಸಣ್ಣ ಪೊಟ್ಟಣಗಳು. ಒಂದೊಂದು ಡಬ್ಬಕ್ಕೂ ಒಂದೊಂದು ಇಡುತ್ತಾ ಹೋದಳು. ಒಳಗೇನಿದೆ ಎಂದು ನಾನು ಕೇಳಲಿಲ್ಲ. ಪ್ರಸಾದ ಇರಬೇಕು ಅಂದುಕೊಂಡೆ.

ಸುದ್ದಿ ಬಂದಾಗ ಮಳೆಗಾಲ ಹಿಡಿದಿತ್ತು. ಎಕ್ಸ್‌ಪೋರ್ಟರು ಚಪ್ಪಲಿ ಕೂಡ ಬಿಡದೆ ದಡದಡನೆ ಮಹಡಿ ಹತ್ತಿ ಬಂದ. ನಾನೂ ಅಲ್ಲೇ ಇದ್ದೆ.

"ಏನವ್ವಾ ಆಕಿದ್ದೆ ನನ್ ಬಾಕ್ಸೊಳಗೆ?"

"ಏನಾಕಿದ್ದೆ? ಮಜ್ಜಿಗೆ ಮೆಣಸಿನ್‌ಕಾಯಿ. ಕೊಸರು ಕಣಪ್ಪ," ಅಂದಳು ದೊಡ್ಡವ್ವ. "ಬೋಣಿ ಯಾಪಾರ, ಅಷ್ಟ್ ದೂರದ ಜನ. ಅಳತೆಗೆ ಸರ್ಯಾಗಿ ಕಳ್ಸದ್ರೆ ಏನಂದ್ಕಂಡಾರು?"

ಅವನು ತಲೆ ತಲೆ ಚಚ್ಚಿಕೊಂಡ. ಪರದೇಶದ ಬಂದರಿನಲ್ಲಿ ಡಬ್ಬ ಬಿಚ್ಚಿದವರಿಗೆ, ಕಾಗದಪತ್ರದಲ್ಲಿ ಎಲ್ಲೂ ಹೇಳದ, ಹಳೆ ಪೇಪರಿನಲ್ಲಿ ಸುತ್ತಿದ, ಸುಕ್ಕುಗಟ್ಟಿದ ಕಪ್ಪು ಪದಾರ್ಥ ಸಿಕ್ಕಿತಂತೆ. ಎಲ್ಲ ಡಬ್ಬದಲ್ಲೂ ಸಿಕ್ಕಿತಂತೆ. ಲ್ಯಾಬಿಗೆ ಕಳಿಸಿದರಂತೆ. ಇಡೀ ಮಾಲನ್ನು ಸುಟ್ಟರಂತೆ. ಖಾದಿ ಕುರ್ತಾದವಳು ಇನ್ನು ಈ ಊರಿನ ಸಹವಾಸವೇ ಬೇಡ ಅಂದಳಂತೆ.

ದೊಡ್ಡವ್ವ ಎಲ್ಲವನ್ನೂ ಕೇಳಿದಳು. ಕೇಳಿ ಒಂದೇ ಮಾತು ಕೇಳಿದಳು. "ಒಬ್ರೂ ತಿಂದ್ ನೋಡ್ಲಿಲ್ವಾ?"

ನನಗೆ ಇವತ್ತಿಗೂ ಆ ಜನರ ಮೇಲೆ ತಿರಸ್ಕಾರವಿದೆ, ಮುಚ್ಚಿಡುವುದಿಲ್ಲ. ನಗು ಕೊಳ್ಳುತ್ತಾರಂತೆ, ಕಥೆ ಕೊಳ್ಳುತ್ತಾರಂತೆ. ಅಜ್ಜಿ ಬೇಕು, ಅಜ್ಜಿಯ ಸೊಟ್ಟ ಬೆರಳು ಬೇಕು, ಮರಳು ಬೇಕು, ಹೊಳೆ ಬೇಕು. ಅಜ್ಜಿ ನಿಜವಾಗಿಯೂ ಒಂದು ಹಿಡಿ ಪ್ರೀತಿಯಿಂದ ಕೊಟ್ಟರೆ ಸುಡಬೇಕು. ಬೆಲೆ ಇಲ್ಲದ ವಸ್ತುವೊಂದು ಡಬ್ಬದಲ್ಲಿದ್ದರೆ ಅದು ವಿಷವೇ ಇರಬೇಕು ಅನ್ನುವ ಲೋಕ ಅದು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ?

ಆದರೂ ಅವರನ್ನು ಕ್ಷಮಿಸಬಹುದಿತ್ತು. ಅವರಿಗೆ ಕೊಸರು ಗೊತ್ತಿರಲಿಲ್ಲ. ಗೊತ್ತಿದ್ದ ನಮ್ಮೂರಿನವರು ಮಾಡಿದ್ದನ್ನು ಕೇಳಿ.

ಶೆಡ್ಡಿನಲ್ಲಿ ಎರಡನೆಯ ಲೋಡಿನ ಮಾಲು ಹಾಗೇ ಕೂತಿತ್ತು. ಎಕ್ಸ್‌ಪೋರ್ಟರು ಅದನ್ನು ನಂಜನಗೂಡಿನ, ಮೈಸೂರಿನ ಅಂಗಡಿಗಳಿಗೆ ಹಂಚಿದ. ಮೇಲೊಂದು ಚೀಟಿ ಅಂಟಿಸಿದ, ಎಕ್ಸ್‌ಪೋರ್ಟ್ ಕ್ವಾಲಿಟಿ ಅಂತ. ದೊಡ್ಡವ್ವನ ಹತ್ತಿರ ಕಾಸಿಗೆ ಕಾಸು ಚೌಕಾಸಿ ಮಾಡುತ್ತಿದ್ದ ಜನ ಅಂಗಡಿಯವನು ಹೇಳಿದ ಬೆಲೆಗೆ ತುಟಿ ಪಿಟಕ್ಕೆನ್ನದೆ ಕೊಂಡರು. ಬಂದವರಿಗೆಲ್ಲ ಕವರು ತೋರಿಸಿದರು. ಖಾಲಿ ಕವರನ್ನೂ ಎಸೆಯದೆ ಗೂಡಿನಲ್ಲಿ ನಿಲ್ಲಿಸಿದ ಮನೆಗಳನ್ನು ನೋಡಿದ್ದೇನೆ.

ಬಟ್ಟೆ ಅಂಗಡಿಯವರ ಮೊದಲ ಮಗಳ ಮದುವೆ ಮುಂದಕ್ಕೆ ಹೋಗಿ ಶ್ರಾವಣದಲ್ಲಿ ನಡೆಯಿತು. ದೊಡ್ಡವ್ವನಿಗೂ ಕರೆ ಬಂದಿತ್ತು. ನಾನು ಬೇಡ ಅಂದರೂ ಹೊರಟಳು, ನನ್ನನ್ನೂ ಕರೆದುಕೊಂಡು ಹೋದಳು. ಇಬ್ಬರೂ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತೆವು. ಎಲೆಯ ಮೇಲೆ ಸಂಡಿಗೆ ಬಿತ್ತು. ಒಂದೇ ಅಳತೆ, ಒಂದೇ ಸೊಟ್ಟ. ಯಜಮಾನಿ ರೇಷ್ಮೆ ಸೀರೆ ಸರಬರ ಮಾಡಿಕೊಂಡು ಬಂದು ನಮ್ಮ ಎದುರೇ ನಿಂತಳು.

"ತಿಂದು ನೋಡಿ ಅಕ್ಕ, ಫಾರಿನ್ನಿಗೆ ಹೋಗೋ ಮಾಲು ಇದು. ನಿಮ್ದೂ ಚೆನ್ನಾಗೇ ಇರ್ತಿತ್ತು, ಇಲ್ಲ ಅನ್ನಲ್ಲ. ಆದ್ರೆ ಒಂದಿದ್ದಂಗೆ ಒಂದು ಇರ್ತಿರ್ಲಿಲ್ಲ ನೋಡಿ."

ನಾನು ಬಾಯಿ ತೆರೆದೆ. ದೊಡ್ಡವ್ವ ಸೆರಗಿನ ಮರೆಯಲ್ಲಿ ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದಳು. ಸಂಡಿಗೆಯನ್ನು ಮುರಿದು ಬಾಯಿಗೆ ಹಾಕಿಕೊಂಡಳು, ಪೂರ್ತಿ ಅಗಿದಳು. "ಚೆನ್ನಾಗದೆ ಕಣವ್ವ," ಅಂದಳು. ಯಜಮಾನಿ ಗೆದ್ದವಳಂತೆ ಮುಂದಿನ ಎಲೆಗೆ ಹೋದಳು.

ದಾರಿಯಲ್ಲಿ ನಾನು ಆ ಹೆಂಗಸಿನ ಜನ್ಮ ಜಾಲಾಡಿದೆ. ನಾಲಿಗೆ ಸತ್ತವಳು, ಚೀಟಿ ತಿನ್ನುವವಳು, ಸೆರಗೊಡ್ಡಿ ಕೊಸರು ಬಾಚಿದವಳು ಎಂದೆಲ್ಲ ಬೈದೆ. ಮನೆಯ ಮೆಟ್ಟಿಲ ಹತ್ತಿರ ಬಂದಾಗ ದೊಡ್ಡವ್ವ, "ಎಂಥ ಕೆಟ್ಟ ಸಂಡಿಗೆ ಮಾಡ್ಬುಟ್ಟಿದ್ದೆ ಕಣವ್ವ ನಾನು" ಅಂದಳು. ಕಣ್ಣಲ್ಲಿ ನೀರಿತ್ತು. ಮಾಲು ಸುಟ್ಟ ಸುದ್ದಿ ಬಂದಾಗಲೂ ಅವಳು ಅತ್ತಿರಲಿಲ್ಲ.

ಎಕ್ಸ್‌ಪೋರ್ಟರು ಆ ವರ್ಷವೇ ಶೆಡ್ಡು ಖಾಲಿ ಮಾಡಿ ತಿರುಗಿ ಗೊಬ್ಬರದ ಅಂಗಡಿಗೆ ಹೋದ. ಅವನಿಗೆ ಬೇಡವಾದ ಕರೆಂಟಿನ ತಕ್ಕಡಿಯನ್ನು ದೊಡ್ಡವ್ವ ಕೇಳಿ ಇಸಿದುಕೊಂಡು ಬಂದಳು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಇರ್ಲಿ" ಅಂದಳು. ಮುಂದಿನ ಬೇಸಿಗೆಯಲ್ಲಿ ತಾರಸಿಯ ಮೇಲೆ ಮತ್ತೆ ಸಂಡಿಗೆ ಬಂತು. ಇಂಗು ಬಂತು, ಖಾರ ಬಂತು, ಅಂಚು ತನಗೆ ಬೇಕಾದ ಹಾಗೆ ಸೊಟ್ಟಗಾಯಿತು. ಎಣಿಸುವುದು ಮಾತ್ರ ಹೋಗಿ ತೂಗುವುದು ಬಂತು.

ಅಂಗಡಿಗಳಲ್ಲಿ ಎಕ್ಸ್‌ಪೋರ್ಟ್ ಮಾಲು ಮುಗಿದಿತ್ತು. ಒಬ್ಬೊಬ್ಬರಾಗಿ ಹಳೆಯ ಗಿರಾಕಿಗಳು ನಾಚಿಕೆಯಿಲ್ಲದೆ ಮೆಟ್ಟಿಲು ಹತ್ತತೊಡಗಿದರು. ಬಟ್ಟೆ ಅಂಗಡಿಯ ಯಜಮಾನಿಯೂ ಎರಡನೆಯ ಮಗಳ ಮದುವೆಗೆಂದು ಡಬ್ಬ ಹಿಡಿದು ಬಂದಳು. ನಾನು ಭಾನುವಾರದ ರಜೆಗೆ ಬಂದು ಅಲ್ಲೇ ಕೂತಿದ್ದೆ. ದೊಡ್ಡವ್ವ ತೂಗಿದಳು. ಕೆಂಪು ಅಂಕಿ ನಿಂತಿತು. ಯಜಮಾನಿ ಅಭ್ಯಾಸದಂತೆ ಸೆರಗು ಒಡ್ಡಿದಳು. ದೊಡ್ಡವ್ವ ಡಬ್ಬದ ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕೂತಳು.

"ಕೊಸರು, ಅಕ್ಕಾ?"

"ತೂಕಕ್ಕೆ ಸರ್ಯಾಗದೆ ನೋಡವ್ವ."

ಒಡ್ಡಿದ ಸೆರಗು ಹಾಗೇ ಸ್ವಲ್ಪ ಹೊತ್ತು ಗಾಳಿಯಲ್ಲಿತ್ತು. ಆಮೇಲೆ ಮೆಲ್ಲಗೆ ಹೆಗಲಿಗೇರಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವಳು ಮೆಟ್ಟಿಲಿಳಿಯುವ ಸದ್ದನ್ನು ಕೊನೆಯ ಮೆಟ್ಟಿಲಿನವರೆಗೆ ಕಿವಿಗೊಟ್ಟು ಕೇಳಿದೆ. ಹೀಗೇ ಆಗಬೇಕು ನಿನಗೆ ಅಂದುಕೊಂಡೆ.

ನರಸೀಪುರದ ಬಸ್ಸಿಗೆ ಹೊತ್ತಾಗಿತ್ತು. ಸ್ಕೂಲಿನ ಹೆಡ್‌ಮಿಸ್ಸಿಗೆ ಒಂದು ಕೇಜಿ ಬೇಕೆಂದು ಮೊದಲೇ ಹೇಳಿದ್ದೆ. ನಾನು ಹೊರಡುವಾಗಲೆಲ್ಲ ನನಗೆಂದೇ ಒಂದು ಹಿಡಿ ಬೇರೆ ಕಟ್ಟಿ, "ಬಸ್ಸಲ್ಲಿ ಬಾಯಾಡ್ಸವ್ವ" ಎಂದು ಚೀಲದ ಸಂದಿಗೆ ತುರುಕುವುದು ಅವಳ ಪದ್ಧತಿ. ನಾನು ಲಂಗ ಉಡುತ್ತಿದ್ದಾಗಿನಿಂದಲೂ ನಡೆದುಬಂದದ್ದು. ಚೀಲದ ಬಾಯಿ ಅಗಲಿಸಿ ಹಿಡಿದು ನಿಂತೆ. ಯಜಮಾನಿಯ ಮುಖ ಹೇಗಾಯಿತು ನೋಡಿದೆಯಾ ಎಂದು ಇನ್ನೂ ನಗುತ್ತಿದ್ದೆ.

ದೊಡ್ಡವ್ವ ನಗಲಿಲ್ಲ. ತಕ್ಕಡಿಯ ತಟ್ಟೆಗೆ ಸಂಡಿಗೆ ಸುರಿದು ಅಂಕಿಯನ್ನೇ ನೋಡುತ್ತಿದ್ದಳು. ಅಂಕಿ ಒಂದು ಚೂರು ಮೇಲೆ ಹೋಯಿತು. ಅವಳು ತಟ್ಟೆಯಿಂದ ಒಂದು ಸಂಡಿಗೆ ತೆಗೆದು ಡಬ್ಬಕ್ಕೆ ಹಾಕಿ, ಉಳಿದದ್ದನ್ನು ನನ್ನ ಚೀಲಕ್ಕೆ ಸುರಿದು, ಡಬ್ಬದ ಮುಚ್ಚಳ ಮುಚ್ಚಿದಳು.